ಹೊಡೆಯದೆ ಬಿಟ್ಟ ಹೆಸರು

ಮೊನ್ನೆ ಬಾಗಿಲಿಗೆ ಹೊಸ ಬಣ್ಣ ಬಳಿಸಲೆಂದು ಹಳೆಯದನ್ನು ಕೆರೆಯುತ್ತಿದ್ದಾಗ ಚೌಕಟ್ಟಿನ ಮೇಲೆ ಟಾರಿನಿಂದ ಬರೆದ ಒಂದು ಸಂಖ್ಯೆ ಕಾಣಿಸಿತು. ಎಪ್ಪತ್ತೊಂದರ ಜನಗಣತಿಯದು. ಬರೆದವರು ನಮ್ಮ ಮೇಷ್ಟ್ರು.

ಮೈಸೂರು ಕಡೆಯಿಂದ ಬಂದು ನೀಲಗಿರಿಯ ಮಂಜೂರಿನಲ್ಲಿ ಬೇರೂರಿದ ಕೆಲವೇ ಮನೆಗಳಲ್ಲಿ ನಮ್ಮದೊಂದು, ಅವರದೊಂದು. ಒಂದು ಅಂಕಿ ತಪ್ಪಾದರೂ ಇಡೀ ಪುಟವನ್ನು ಮತ್ತೆ ಬರೆಸುತ್ತಿದ್ದ ಮನುಷ್ಯ. ಆ ಮಾರ್ಚಿನಲ್ಲಿ ಅವರು ಎಣಿಕೆಗೆ ಬಂದಾಗ ನನಗೆ ಏಳು ವರ್ಷ, ತಂಗಿಗೆ ಎಂಟು ತಿಂಗಳು. ಹೆಸರು ಬರೆದುಕೊಳ್ಳುವಾಗ ಅವಳು ಅವರ ಪೆನ್ಸಿಲ್ ಹಿಡಿದು ಎಳೆದಿದ್ದಳು… ವಾರದೊಳಗೆ ಜ್ವರ ಬಂತು. ಊಟಿಗೆ ಹೋಗುವ ಬಸ್ಸಿನಲ್ಲೇ, ಅಮ್ಮನ ಮಡಿಲಲ್ಲೇ ಉಸಿರು ನಿಂತಿತು.

ಏಪ್ರಿಲ್ ಹುಟ್ಟುತ್ತಲೇ ಮೇಷ್ಟ್ರು ಮತ್ತೆ ಬಂದರು. ಅಷ್ಟರೊಳಗೆ ಹುಟ್ಟಿದವರನ್ನು ಸೇರಿಸಬೇಕು, ಸತ್ತವರನ್ನು ಹೊಡೆದುಹಾಕಬೇಕು, ನಿಯಮ ಹಾಗಿತ್ತು. ಹಾಳೆ ಬಿಚ್ಚಿ ತಲೆ ತಗ್ಗಿಸಿ ಕುಳಿತರು.

"ಅವಳ ಹೆಸ್ರು ಹೊಡೀಬೇಡಿ ಮೇಷ್ಟ್ರೇ," ಎಂದಳು ಅಮ್ಮ. "ಒಂದ್ ಫೋಟೋನೂ ಇಲ್ಲ. ಆ ಕಾಗ್ದದಲ್ಲಾದ್ರೂ ಇರ್ಲಿ."

"ಸರ್ಕಾರದ್ದಮ್ಮ ಇದು, ಸುಳ್ಳು ಬರೆಯಕ್ಕಾಗಲ್ಲ."

ಹಾಗೆಂದರೂ ಅವರ ಕೈ ಕದಲಲಿಲ್ಲ. ಹಾಳೆ ಮಡಚಿ, ಕೊಟ್ಟ ಟೀ ಮುಟ್ಟದೆ ಎದ್ದು ಹೋದರು.

ಆ ಮಾತು ಮತ್ತೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಅಮ್ಮನೂ ಇಲ್ಲವಾದಾಗ. ಟೀವಿಯಲ್ಲಿ ರಾಷ್ಟ್ರಪತಿ ಚುನಾವಣೆಯ ಸುದ್ದಿ ಬರುತ್ತಿತ್ತು. ಮುದುಕರಾಗಿದ್ದ ಮೇಷ್ಟ್ರು ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಶಾಸಕರ ಓಟಿಗೆ ಎಷ್ಟು ತೂಕ ಅನ್ನೋದು ಆ ರಾಜ್ಯದ ಜನಸಂಖ್ಯೆ ನೋಡಿ ಕಣಮ್ಮ. ಇವತ್ತಿಗೂ ಎಪ್ಪತ್ತೊಂದರ ಎಣಿಕೇನೇ. ಉತ್ತರದ ಕಡೆ ಜನ ಎಷ್ಟು ಹೆಚ್ಚಿದ್ರೂ ತಕ್ಕಡಿ ಹಂಗೇ ನಿಂತಿದೆ."

ಟೀವಿಯ ದನಿ ತಗ್ಗಿಸಿದರು.

"ನಿನ್ನ ತಂಗೀನೂ ಅದ್ರಲ್ಲಿದಾಳೆ. ನಾನು ಹೊಡೀಲಿಲ್ಲ."

ಒಂದು ಕೂಸಿನಿಂದ ತಕ್ಕಡಿ ಅಲುಗುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಈ ಚುನಾವಣೆ ಬಂದಾಗಲೆಲ್ಲ ಯಾರೋ ಪೆನ್ಸಿಲ್ ಹಿಡಿದು ಎಳೆದಂತಾಗುತ್ತದೆ ಎಂದರು. ಮಾಡಿದ್ದು ತಪ್ಪೋ ಸರಿಯೋ ಎಂದು ನನ್ನನ್ನೇ ಕೇಳಿದರು. ಮುಂದಿನ ಚುನಾವಣೆ ನೋಡಲು ಅವರು ಉಳಿಯಲಿಲ್ಲ.

ಈಗ ಹೊಸ ಎಣಿಕೆ ಶುರುವಾಗಿದೆ. ಇದರ ಅಂಕಿ ಹೊರಬಿದ್ದ ಮೇಲೆ ಆ ತಕ್ಕಡಿಗೆ ಎಪ್ಪತ್ತೊಂದರದು ನಡೆಯುವುದಿಲ್ಲ. ಉತ್ತರದವರ ಮುಂದೆ ನಮ್ಮ ತೂಕ ಇಳಿಯುತ್ತದೆ ಎನ್ನುತ್ತಾರೆ. ಊರಿನವರ ಚಿಂತೆ ಅದು. ನನ್ನದು ಯಾರಿಗೆ ಹೇಳಲಿ?

ನಿನ್ನೆ ಫೋನು ಹಿಡಿದ ಹುಡುಗಿಯೊಬ್ಬಳು ಎಣಿಕೆಗೆ ಬಂದು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು. ನಾಲ್ಕು ಎಂದೆ.

"ಅಷ್ಟೇನಾ ಅಕ್ಕಾ? ಬೇರೆ ಯಾರೂ ಇಲ್ವಾ?"

ಇಲ್ಲ ಎನ್ನಲು ನನಗೆ ಬಹಳ ಹೊತ್ತು ಹಿಡಿಯಿತು.