ಕುಂಕುಮವಿಟ್ಟ ಎರಡು ಡಿಸ್ಕುಗಳು

ಜಂಗಮಕೋಟೆಯ ಮೋಹನ್‌ಬಾಬು ಬಿ.ಕಾಂ. ಮುಗಿಸಿ ಕ್ಯಾಮೆರಾ ಹಿಡಿದವನು. ರೀಲು ಹೋಗಿ ಡಿಜಿಟಲ್ ಬಂದ ಮೇಲೆ ತೆಗೆದ ಮದುವೆ ಫೋಟೊಗಳನ್ನೆಲ್ಲ ನಡುಮನೆಯ ಹಳೆಯ ಕಂಪ್ಯೂಟರಿನಲ್ಲಿ ತುಂಬಿಡುತ್ತಿದ್ದ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಇವನನ್ನೇ ಹುಡುಕುತ್ತಿದ್ದರು. ಯಾವುದೋ ಮದುವೆಯ ಗುಂಪಿನಿಂದ ಆ ಮುಖ ಬಿಡಿಸಿ, ದೊಡ್ಡದು ಮಾಡಿ, ಹಾರ ಹಾಕಲು ಕೊಡುತ್ತಿದ್ದ.

೨೦೦೭ರ ದಸರಾ ಹೊತ್ತಿಗೆ ವೆಂಕಟರವಣಪ್ಪ ತೀರಿಕೊಂಡರು. ತಿಥಿಗೆ ಫೋಟೊ ಬೇಕೆಂದು ಅವರ ಹೆಂಡತಿ ಕೊಂಡಮ್ಮ ಹೇಳಿಕಳಿಸಿದರು. ಮನೆಯಲ್ಲಿ ಅವರದೊಂದು ಪಟವೂ ಇರಲಿಲ್ಲ. ಅದೇ ವಾರ ಕಂಪ್ಯೂಟರಿಗೆ ವೈರಸ್ ಹತ್ತಿ ವಿಂಡೋಸ್ ಏಳದೆ ಮಲಗಿತ್ತು. ಇದರ ಸಹವಾಸವೇ ಬೇಡವೆಂದು ವಿಂಡೋಸ್ ತೆಗೆದು ಅದರ ಜಾಗದಲ್ಲಿ ಲಿನಕ್ಸ್ ಹಾಕಲು ಹೊರಟ. ಚಿಂತಾಮಣಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಗೆಳೆಯ ಅಂಬರೀಶ್ ಸಿ.ಡಿ. ಕೊಟ್ಟು, ಇದನ್ನು ಯಾವ ಹಾರ್ಡ್ ಡಿಸ್ಕಿಗೆ ಹಾಕುತ್ತೀಯೋ ಅದು ಪೂರ್ತಿ ಅಳಿಸಿಹೋಗುತ್ತದೆ, ಹುಷಾರು ಎಂದಿದ್ದ.

ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಅಚ್ಚು ಒಂದೇ ಥರದ ಎರಡು ಡಿಸ್ಕು. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಫೋಟೊ. ಎರಡನ್ನೂ ಬಿಚ್ಚಿದ. ಗುರುತಿಗೆ ಪೆನ್ನು ಸಿಗದೆ ದೇವರ ಗೂಡಿನ ಕುಂಕುಮವನ್ನೇ ತಂದು ಫೋಟೊ ಇದ್ದದ್ದಕ್ಕೆ ಬೊಟ್ಟಿಟ್ಟ. ಮಾರನೆಯ ದಿನ ಆಯುಧಪೂಜೆ, ಆಯುಧ ಮುಟ್ಟುವಂತಿಲ್ಲ. ಹಬ್ಬ ಕಳೆಯಲಿ ಎಂದು ಬಿಟ್ಟ.

ಹಬ್ಬ ಕಳೆದು ನೋಡಿದರೆ ಕುಡುಗೋಲು, ಸ್ಪ್ರೇಯರುಗಳ ಸಾಲಿನಲ್ಲಿ ಎರಡು ಡಿಸ್ಕುಗಳೂ ಅರಿಸಿನ ಕುಂಕುಮ ಇಟ್ಟುಕೊಂಡು, ಸೇವಂತಿಗೆ ಮುಡಿದು ಕೂತಿದ್ದವು.

"ಎರಡಕ್ಕೂ ಯಾಕಮ್ಮ ಇಟ್ಟೆ?"

ತಾಯಿ ಅಕ್ಕಯ್ಯಮ್ಮ ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದರು. "ಒಂದಕ್ಕಿಟ್ಟು ಇನ್ನೊಂದನ್ನ ಬೋಳಾಗಿ ಬಿಟ್ಟಿದ್ಯಲ್ಲ, ಅದೇನು ಪಾಪ ಮಾಡಿತ್ತು? ನೀನಿಟ್ಟಿದ್ದು ಸೊಟ್ಟಗಿತ್ತು, ಒರೆಸಿ ನಾನೇ ಇಟ್ಟೆ ಕಣಪ್ಪ."

ಧೈರ್ಯ ಮಾಡಿ ಒಂದರ ಹೂವು ತೆಗೆದು ಜೋಡಿಸಿ ಸಿ.ಡಿ. ಹಾಕಿದ. ಪರದೆಯ ಮೇಲೆ ಡಿಸ್ಕಿನ ಅಳತೆಯಷ್ಟೇ ಬಂತು. ಎರಡರ ಅಳತೆಯೂ ಅದೇ. ಬೆರಳು ಎಂಟರ್ ಕೀಲಿಯ ಮೇಲಿತ್ತು. ಮದುವೆಮನೆಗಳಲ್ಲಿ ಕುರ್ಚಿ ಹತ್ತಿ ನಿಂತು ತಾನು ನಗಿಸಿದ್ದ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಬೆರಳು ಎತ್ತಿದ. ಎರಡನ್ನೂ ಟವೆಲಿನಲ್ಲಿ ಸುತ್ತಿಕೊಂಡು ಚಿಂತಾಮಣಿಯ ಬಸ್ಸು ಹತ್ತಿದ. ಪಕ್ಕದಲ್ಲಿ ಕೂತವರು ಟವೆಲಿಗೆ ಹತ್ತಿದ ಕುಂಕುಮ ನೋಡಿ, ಯಾವ ದೇವರ ಪ್ರಸಾದ ಎಂದು ವಿಚಾರಿಸಿದರು.

ಅಂಬರೀಶ್ ನಕ್ಕು ಸುಸ್ತಾದ. "ಪೂಜೆ ಆಗಿರೋದನ್ನ ಅಳಿಸೋ ಪಾಪ ನಂಗ್ಯಾಕೋ?" ಎನ್ನುತ್ತಲೇ ಹೂವಿಲ್ಲದ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಸಾಲು ಸಾಲಾಗಿ ಫೋಟೊಗಳು ತೆರೆದುಕೊಂಡವು. ಬೆಳಿಗ್ಗೆ ಒರೆಸಿಹಾಕಲು ಹೊರಟಿದ್ದು ಇದನ್ನೇ ಎಂದು ಹೊಳೆದಾಗ ಮೋಹನ್‌ಬಾಬು ಸ್ಟೂಲು ಎಳೆದುಕೊಂಡು ಕೂತುಬಿಟ್ಟ.

ಲಿನಕ್ಸ್ ಇನ್ನೊಂದು ಡಿಸ್ಕಿನಲ್ಲಿ ಸುಖವಾಗಿ ಕೂತಿತು. ಸಂಜೆ ಕೊಂಡಮ್ಮನ ಮನೆಗೆ ಸಣ್ಣದೊಂದು ಪ್ರಿಂಟ್ ಒಯ್ದ. ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ವೆಂಕಟರವಣಪ್ಪ, ಬಾಯಿ ತುಂಬ ಲಾಡು, ಕಣ್ಣು ಮುಚ್ಚುವಷ್ಟು ನಗು. ಇದು ಹಾರ ಹಾಕುವಂಥದ್ದಲ್ಲ, ಗಂಭೀರವಾಗಿರುವುದನ್ನು ಹುಡುಕುತ್ತೇನೆ ಎಂದ.

ಕೊಂಡಮ್ಮ ಪಟವನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಮನೇಲಿ ಒಂದಿನಾನೂ ಹೀಗೆ ನಗ್ಲಿಲ್ಲ ಮಹಾನುಭಾವ. ಇದನ್ನೇ ಮಾಡಿಕೊಡಪ್ಪ, ಇನ್ಮೇಲಾದ್ರೂ ನಗ್ತಾ ಇರ್ಲಿ."