ಟಾಂಜಾನಿಯಾಕ್ಕೆ ಮುನ್ನ ಧರ್ಮಪುರ

ಎಪ್ಪತ್ತರ ದಶಕದ ನಡುವೆ ನಾನು ಹಿರಿಯೂರಿನಲ್ಲಿ ಪಶುವೈದ್ಯನಾಗಿದ್ದೆ. ಅದಕ್ಕೆ ಮುಂಚೆ ಎರಡು ವರ್ಷ ಪೂರ್ವ ಆಫ್ರಿಕಾದ ಟಾಂಜಾನಿಯಾದಲ್ಲಿ ದನಗಳಿಗೆ ಲಸಿಕೆ ಹಾಕಿ ಬಂದಿದ್ದೆ. ನಮ್ಮ ಕಡೆಯ ಪಶುವೈದ್ಯರಲ್ಲಿ ಆ ನೆಲ ಮೆಟ್ಟಿದವನು ನಾನೊಬ್ಬನೇ ಎಂಬ ಜಂಬ ಆಗ ಇತ್ತು. ಸುಳ್ಳೇಕೆ, ಈಗಲೂ ಇದೆ. ಹೀಗಾಗಿ ಅದೇ ಕೆಲಸಕ್ಕೆ ಹೊರಟಿದ್ದ ಡಾಕ್ಟರ್ ಪ್ರಕಾಶನನ್ನು ತಯಾರು ಮಾಡುವ ಹೊಣೆ ನನ್ನ ಹೆಗಲಿಗೆ ಬಿತ್ತು. ಇವನು ಅಲ್ಲಿಗೆ ತಕ್ಕವನು ಎಂದು ನಾನು ಬರೆದುಕೊಟ್ಟರೆ ಮಾತ್ರ ಅವನು ಹೊರಡಬಹುದಿತ್ತು. ಇಲ್ಲದಿದ್ದರೆ ಆ ಅವಕಾಶ ಇನ್ನೊಬ್ಬನ ಪಾಲು.

ಪ್ರಕಾಶ ಮೈಸೂರು ಪೇಟೆಯಲ್ಲಿ ಬೆಳೆದ ಹುಡುಗ. ಕಾಲೇಜಿನಲ್ಲಿ ಮೊದಲನೆಯವನು. ಹೊಸ ಸೂಟ್‌ಕೇಸನ್ನೂ ಕೊಂಡಾಗಿತ್ತು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಅದರ ಸರ್ಟಿಫಿಕೇಟನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೋ ಎಂದೆ. ಸೊಳ್ಳೆಪರದೆ ಮರೆಯಬೇಡ, ಮಲೇರಿಯಾ ಮಾತ್ರೆ ತಪ್ಪಿಸಬೇಡ, ಕಾಯಿಸದ ನೀರು ಮುಟ್ಟಬೇಡ, ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡ, ಕೊಡುವುದು ತೆಗೆದುಕೊಳ್ಳುವುದು ಬಲಗೈಯಲ್ಲೇ ಇರಲಿ. ಅಲ್ಲಿಯ ಉಗಾಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ನಮ್ಮ ಹೊಟ್ಟೆ ತಕರಾರು ಮಾಡುವುದಿಲ್ಲ. ಹಿರಿಯರು ಕಂಡರೆ ‘ಶಿಕಾಮೂ’ ಅನ್ನಬೇಕು. ನಿಮ್ಮ ಕಾಲು ಹಿಡಿಯುತ್ತೇನೆ ಎಂಬುದು ಅದರ ಮೂಲ ಅರ್ಥವಂತೆ. ಎಲ್ಲವನ್ನೂ ಅವನು ಒಂದೇ ಸಲಕ್ಕೆ ಬಾಯಿಪಾಠ ಮಾಡಿಬಿಟ್ಟ.

ಇನ್ನೊಂದು ಮಾತನ್ನೂ ಹೇಳಿದ್ದೆ. ಅಲ್ಲಿ ದನ ಮೇಯಿಸುವ ಮಸಾಯಿ ಜನ ತಮ್ಮ ದನವನ್ನು ಬಾಯಿಬಿಟ್ಟು ಎಣಿಸುವುದಿಲ್ಲ, ಬೇರೆಯವರು ಎಣಿಸಿದರೂ ಸಹಿಸುವುದಿಲ್ಲ. ಎಣಿಸಿದರೆ ಹಿಂಡಿಗೆ ಕೇಡು ಎಂಬ ನಂಬಿಕೆ. ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮದೂ ಕುರಿ ಕಾಯುವ ಮನೆತನ. ಕುರಿ ಎಷ್ಟಿವೆ ಎಂದು ಕೇಳಿದವರಿಗೆ ನಮ್ಮ ತಾತ, ದೇವರು ಕೊಟ್ಟಷ್ಟು ಅವೆ ಎಂದು ಹೇಳಿ ಮಾತು ಮುಗಿಸುತ್ತಿದ್ದ. ಪ್ರಕಾಶ ಇದಕ್ಕೂ ತಲೆಯಾಡಿಸಿದ. ತಲೆಯಾಡಿಸಿದ್ದು ಎಷ್ಟು ಒಳಗಿಳಿದಿದೆ ಎಂದು ನೋಡಲು ಅವನನ್ನು ಧರ್ಮಪುರದ ಬಳಿಯ ಒಂದು ಕುರಿಹಟ್ಟಿಗೆ ಕರೆದೊಯ್ದೆ. ಕುರಿಸಿಡುಬಿಗೆ ಲಸಿಕೆ ಹಾಕುವುದು ನೆಪವೂ ಹೌದು, ಕೆಲಸವೂ ಹೌದು.

ಹಟ್ಟಿಯ ಯಜಮಾನ ಈರಜ್ಜ ಕಂಬಳಿ ಹಾಸಿ ಕೂರಿಸಿದ. ಪ್ರಕಾಶ ಲಸಿಕೆಯ ಐಸ್ ಪೆಟ್ಟಿಗೆ ತೆರೆಯುತ್ತಲೇ ಕಾಲೇಜಿನ ಅಭ್ಯಾಸದಂತೆ, “ಒಟ್ಟು ಎಷ್ಟು ಕುರಿ ಇದೆ ಯಜಮಾನ್ರೆ?” ಅಂದುಬಿಟ್ಟ.

ಈರಜ್ಜ ಸಿಟ್ಟಾಗಲಿಲ್ಲ. ಮಗನ ಕಡೆ ತಿರುಗಿ, “ಹೊತ್ತಾತು, ಕುರಿ ಹೊಡ್ಕಂಡು ಹೋಗಪ್ಪ” ಅಂದ. ಹಿಂಡು ನಮ್ಮ ಕಣ್ಣೆದುರೇ ಹೊರಟುಹೋಯಿತು. ಆಮೇಲೆ ಪ್ರಕಾಶನಿಗೆ, “ಬಿಸ್ಲಾಗೆ ಬಂದೀರಿ, ಮಜ್ಜಿಗೆ ಕುಡ್ಕಂಡು ಹೋಗ್ರಿ” ಎಂದ.

ಜೀಪಿನಲ್ಲಿ ಬಹಳ ದೂರ ಬಂದ ಮೇಲೆ ಪ್ರಕಾಶ, ನನ್ನ ಹೆಸರು ತೆಗೆದುಬಿಡ್ತೀರಾ ಸರ್ ಎಂದು ಕೇಳಿದ. ಟಾಂಜಾನಿಯಾದಲ್ಲಾಗಿದ್ದರೆ ಮಾರನೆಯ ದಿನ ಆ ಬಯಲಿನಲ್ಲಿ ನೀನು, ನಿನ್ನ ಪೆಟ್ಟಿಗೆ ಇಷ್ಟೇ ಉಳಿಯುತ್ತಿದ್ದಿರಿ ಎಂದೆ. ಈರಜ್ಜ ನನ್ನನ್ನು ಚಿಕ್ಕಂದಿನಿಂದ ಬಲ್ಲವನು. ನಾನು ಒಂದು ಮಾತು ಹೇಳಿದ್ದರೆ ಹಿಂಡು ವಾಪಸು ಬರುತ್ತಿತ್ತು. ಹೇಳಲಿಲ್ಲ. ಆ ದೇಶದಲ್ಲಿ ಇವನ ಪರವಾಗಿ ಮಾತಾಡಲು ನಾನಿರುವುದಿಲ್ಲ. ಈ ಹಟ್ಟಿಯವರಾಗಿಯೇ ನಿನ್ನನ್ನು ಕರೆಯಬೇಕು, ಆಗ ಬರೆದುಕೊಡುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿದೆ.

ಮಾರನೆಯ ದಿನ ಅವನು ಒಬ್ಬನೇ ಬಸ್ಸಿನಲ್ಲಿ ಹೋದ, ಪೆಟ್ಟಿಗೆ ಒಯ್ಯದೆ. ಮುಂದಿನದನ್ನು ಈರಜ್ಜನೇ ನನಗೆ ಹೇಳಿದ್ದು. ಹುಡುಗ ಬಂದು ಕೂತು ಮಳೆ, ಮೇವು, ಮೊಮ್ಮಕ್ಕಳು ಎಲ್ಲವನ್ನೂ ವಿಚಾರಿಸಿದನಂತೆ. ಕುಂಟುತ್ತಿದ್ದ ಕುರಿಯೊಂದನ್ನು ಕೇಳಿಕೊಂಡೇ ಹಿಡಿದು, ಗೊರಸಿನ ಮುಳ್ಳು ತೆಗೆದನಂತೆ. ಕೊಟ್ಟ ಹಾಲಿನಲ್ಲಿ ಉಣ್ಣೆಯ ಎಳೆ ತೇಲುತ್ತಿದ್ದರೂ ಮುಖ ಕಿವಿಚದೆ ಕುಡಿದನಂತೆ. ಲಸಿಕೆಯ ಮಾತೇ ಎತ್ತಲಿಲ್ಲ. ಕೊನೆಗೆ ಅಜ್ಜನೇ ಕೇಳಿದ್ದು: “ನಿನ್ನ ಸೂಜಿ ಎಲ್ಲೈತಪ್ಪ?”

“ನೀವು ಕರೆದ ದಿನ ತರ್ತೀನಿ ಅಜ್ಜ.”

ಅಜ್ಜ ಕರೆದ ದಿನ ನಾನೂ ಹೋದೆ. ಎಣಿಸದೆ ಲಸಿಕೆಯ ಲೆಕ್ಕ ಹೇಗೆ? ನಾನಾದರೆ ಕಣ್ಣಳತೆಯಲ್ಲಿ ದೂಡುತ್ತಿದ್ದೆ. ಪ್ರಕಾಶ ಬೇಕಾದದ್ದಕ್ಕಿಂತ ಹೆಚ್ಚೇ ಶೀಸೆ ತಂದಿದ್ದ. ಕಿರಿದಾದ ಬಾಗಿಲಲ್ಲಿ ಒಂದೊಂದೇ ಕುರಿ ಬಿಡಿಸಿ ಸೂಜಿ ಹಾಕಿದ, ಬೆನ್ನಿಗೆ ಬಣ್ಣದ ಗುರುತಿಟ್ಟ, ಖಾಲಿಯಾದ ಶೀಸೆಗಳನ್ನು ಸದ್ದಿಲ್ಲದೆ ಚೀಲಕ್ಕೆ ಸೇರಿಸಿದ. ಒಂದು ಶೀಸೆ ಎಷ್ಟು ಕುರಿಗೆ ಆಗುತ್ತದೆಂದು ಗೊತ್ತಿರುವವನಿಗೆ, ಹಿರಿಯೂರಿಗೆ ಬಂದು ಲೆಕ್ಕ ಮಾಡಿದರೆ ಸಾಕು. ಈ ಉಪಾಯ ನನಗೆ ಆಫ್ರಿಕಾದಲ್ಲಿ ಎರಡು ವರ್ಷವಿದ್ದರೂ ಹೊಳೆದಿರಲಿಲ್ಲ.

ಹೊರಡುವಾಗ, ಈರಜ್ಜನಿಗೆ ಕೇಳುವಂತೆ ಬೇಕೆಂದೇ ಗಟ್ಟಿಯಾಗಿ, “ಎಷ್ಟಕ್ಕೆ ಹಾಕಿದೆಯಪ್ಪ ಪ್ರಕಾಶ?” ಎಂದೆ. ಅಜ್ಜ ನನ್ನನ್ನು ಗುರಾಯಿಸಿದ.

ಮೇಲಧಿಕಾರಿ ಕೇಳಿದ ಪ್ರಶ್ನೆ, ಅವನ ಪ್ರಯಾಣ ನನ್ನ ಕೈಯಲ್ಲಿತ್ತು. ಆದರೂ ಪ್ರಕಾಶ ತಡವರಿಸಲಿಲ್ಲ. “ಒಂದನ್ನೂ ಬಿಟ್ಟಿಲ್ಲ ಸರ್.”

ಈರಜ್ಜ ಅವನ ತಲೆಯ ಮೇಲೆ ಕೈಯಿಟ್ಟ. ಮಸಾಯಿ ಹಿರಿಯರೂ ಕಿರಿಯರ ತಲೆ ಮುಟ್ಟಿಯೇ ಮಾತಾಡಿಸುವುದು. ಊರು ಸೇರಿದವನೇ ಬರೆದುಕೊಟ್ಟೆ.

ಪರದೇಶಕ್ಕೆ ಹೊರಟವರು ಈಗಲೂ ನನ್ನ ಸಲಹೆ ಕೇಳುತ್ತಾರೆ. ಮೊದಲು ಪಕ್ಕದ ಹಳ್ಳಿಯಲ್ಲಿ ‘ಇನ್ನೊಮ್ಮೆ ಬಾ’ ಅನ್ನಿಸಿಕೊಂಡು ಬನ್ನಿ, ಟಿಕೆಟ್ ಆಮೇಲೆ ತೆಗೆಸಿ ಅನ್ನುತ್ತೇನೆ.