ಅಕ್ಕನ ರಕ್ತದ ರಿಪೋರ್ಟು

ವಿನೋಬನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ, ಕೌಂಟರಿನ ಎಡಗಡೆ, ಕುಡಿಯುವ ನೀರಿನ ಕ್ಯಾನಿಗೆ ಬೆನ್ನು ತಾಗುವಷ್ಟು ಹತ್ತಿರ ನಾನು ನಿಂತಿದ್ದೆ. ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಮೂರು ಹೆಜ್ಜೆ ಆಚೆ ಅಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಅಪ್ಪ ಕೌಂಟರಿನ ಮುಂದೆ ನಿಂತು, ಅವಳ ರಿಪೋರ್ಟು ಇದ್ದ ಲಕೋಟೆಯನ್ನು ಬಿಡಿಸುತ್ತಿದ್ದರು. ಇದಾಗಿ ನಾಲ್ಕು ವರ್ಷವಾಯಿತು.

ಅಕ್ಕ ಭದ್ರಾವತಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅಮ್ಮ ತೀರಿದ ಮೇಲೆ ಅವಳೂ ಅಪ್ಪನೂ ಅಲ್ಲಿಯ ಮನೆಯಲ್ಲಿದ್ದರು. ನಾನು ಕೆಲಸದ ಸಲುವಾಗಿ ಶಿವಮೊಗ್ಗದಲ್ಲಿದ್ದೆ. ಆ ವರ್ಷದ ಆರಂಭದಲ್ಲಿ ಅವಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು. ಮೊದಲು ತಲೆನೋವು ಎಂದಳು, ಆಮೇಲೆ ಏನೂ ಹೇಳಲಿಲ್ಲ. ತಲೆ ಬಾಚಲು ಕೈ ಎತ್ತುವುದೂ ಅವಳಿಗೆ ಭಾರವಾಗಿತ್ತು. ತಟ್ಟೆಯ ಮುಂದೆ ಕೂತು, ಅನ್ನ ಆರುವವರೆಗೆ ನೋಡಿ, ಎದ್ದುಬಿಡುತ್ತಿದ್ದಳು.

ನಾನು ಅವಳನ್ನೂ ಅಪ್ಪನನ್ನೂ ಶಿವಮೊಗ್ಗದ ಒಬ್ಬ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಅವರು ಖಿನ್ನತೆ ಎಂದರು. ಅಪ್ಪನಿಗೆ ಅರ್ಥವಾಗಲಿ ಎಂದು, "ಮೆದುಳಲ್ಲಿ ಸೆರೊಟೋನಿನ್ ಅಂತ ಒಂದು ಕೆಮಿಕಲ್ ಇರುತ್ತೆ ಸಾರ್, ಅದು ಏರುಪೇರಾಗಿದೆ. ಮಾತ್ರೆ ಅದನ್ನ ಸರಿ ಮಾಡುತ್ತೆ" ಎಂದರು. ಹೊರಡುವಾಗ, "ಹುಷಾರಾದ್ರು ಅಂತ ನೀವೇ ನಿಲ್ಲಿಸಬೇಡಿ, ನನ್ನ ಕೇಳಿ ನಿಲ್ಲಿಸಿ" ಎಂದರು. ಈ ಎರಡನೆಯ ಮಾತನ್ನು ಅವರು ಹೇಳಿದ್ದು ನನ್ನೊಬ್ಬನಿಗೆ. ಅಪ್ಪ ಅಷ್ಟರಲ್ಲಿ ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದರು.

ಅಪ್ಪ ಮೂವತ್ತೊಂದು ವರ್ಷ ಕಬ್ಬಿಣದ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದವರು. ಕುಲುಮೆಯಲ್ಲಿ ಲೋಹ ಕರಗಿದಾಗ ಉದ್ದ ಹಿಡಿಯ ಸೌಟಿನಲ್ಲಿ ಸ್ವಲ್ಪ ತೆಗೆದು, ಆರಿಸಿ, ಕೊರೆದು, ಆ ಚೂರುಗಳನ್ನು ಕುಲುಮೆಯವರು ಲ್ಯಾಬಿಗೆ ಓಡಿ ತರುತ್ತಿದ್ದರು. ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು, ಗಂಧಕ ಎಷ್ಟು ಎಂದು ಅಪ್ಪ ನೋಡಿ ಫೋನಿನಲ್ಲಿ ಹೇಳುವವರೆಗೆ ಕುಲುಮೆಯವರು ಕಾಯಬೇಕು. ಕಡಿಮೆ ಇದ್ದದ್ದನ್ನು ಹಾಕಬೇಕು, ಮತ್ತೆ ಸ್ಯಾಂಪಲ್ ಕಳಿಸಬೇಕು. ರಿಪೋರ್ಟಿಲ್ಲದೆ ಯಾರೂ ಏನನ್ನೂ ಹಾಕುವಂತಿರಲಿಲ್ಲ. ಹಾಗಾಗಿ ಕೆಮಿಕಲ್ ಎಂಬ ಮಾತು ಕೇಳಿ ಅಪ್ಪನಿಗೆ ಒಂದು ರೀತಿಯ ಸಮಾಧಾನವೇ ಆಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಎಷ್ಟು ಕಡಿಮೆ ಇದೆ ಅಂತ ಹೇಳ್ಲೇ ಇಲ್ವಲ್ಲೋ ಆಯಮ್ಮ? ಟೆಸ್ಟ್ ಮಾಡ್ದೆ ಮಾತ್ರೆ ಹೆಂಗೆ ಬರೆದ್ಲು?"

ಅಕ್ಕ ಮಾತ್ರೆ ತೆಗೆದುಕೊಂಡಳು. ಮೊದಲ ಎರಡು ವಾರ ಹೊಟ್ಟೆ ತೊಳಸುವುದೊಂದೇ ಲಾಭ. ಆರನೆಯ ವಾರ ತಾನೇ ತಲೆ ಬಾಚಿಕೊಂಡಳು. ಎಂಟನೆಯ ವಾರ, ಒಂದು ಭಾನುವಾರ, ನಾನು ಹೋಗಿದ್ದಾಗ, ಚಟ್ನಿಗೆ ಉಪ್ಪು ಸಾಲದು ಎಂದಳು. ಆರು ತಿಂಗಳಲ್ಲಿ ಅವಳು ಊಟದ ಬಗ್ಗೆ ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ಅಪ್ಪ ವಿಚಾರಿಸಿ, ಸೆರೊಟೋನಿನ್ನಿಗೂ ರಕ್ತಪರೀಕ್ಷೆ ಇದೆ, ವಿನೋಬನಗರದ ಲ್ಯಾಬಿನವರು ಸ್ಯಾಂಪಲ್ ಹೊರಗೆ ಕಳಿಸಿ ಮಾಡಿಸಿಕೊಡುತ್ತಾರೆ ಎಂದು ತಿಳಿದುಕೊಂಡಿದ್ದರು. ಕೌಂಟರಿನ ಹೆಂಗಸು ಹಿಂದೆ ಮುಂದೆ ನೋಡಿದರು. "ಡಾಕ್ಟರ್ ಚೀಟಿ ಇದ್ಯಾ ಸಾರ್? ಇದನ್ನ ಬೇರೆ ಕಾಯಿಲೆಗೆ ಬರೀತಾರೆ."

"ನಾನೂ ಲ್ಯಾಬಿನವನೇ ಕಣಮ್ಮ. ನೀನು ತಗೊ" ಎಂದರು ಅಪ್ಪ.

ಅಕ್ಕ ತೋಳು ಮಡಚುತ್ತಾ ನನ್ನ ಕಿವಿಯ ಹತ್ತಿರ, "ನೋಡ್ತಿರು ಮಾರಾಯ, ಇದ್ರಲ್ಲಿ ಸಿಗ್ಲಿಲ್ಲ ಅಂದ್ರೆ ನನ್ನ ತಲೆಗೇ ಡ್ರಿಲ್ ಹಾಕಿಸ್ತಾರೆ" ಎಂದಳು. ನಾವಿಬ್ಬರೂ ನಕ್ಕೆವು.

ಎಂಟು ದಿನ ಬಿಟ್ಟು ಬಂದ ರಿಪೋರ್ಟೇ ಆ ಸೋಮವಾರ ಅಪ್ಪನ ಕೈಯಲ್ಲಿದ್ದದ್ದು. ಅಪ್ಪ ಕನ್ನಡಕ ಏರಿಸಿ ಅಂಕಿಯನ್ನು ನೋಡಿದರು, ಪಕ್ಕದ ಕಾಲಂ ನೋಡಿದರು, ಮತ್ತೆ ಅಂಕಿಯನ್ನು ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕರು. "ಪುಟ್ಟಿ, ಏನೂ ಕಡಿಮೆ ಇಲ್ಲ ಕಣೇ! ಲಿಮಿಟ್ ಒಳಗೇ ಇದೆ. ನಿಂಗೇನೂ ಆಗಿಲ್ಲ. ಸುಮ್ನೆ ಮಾತ್ರೆ ನುಂಗಿಸ್ತಿದ್ದಾಳೆ."

ಅಕ್ಕ ಮುಖ ಎತ್ತಿದಳು. "ಹಂಗಾದ್ರೆ ನಾನೇ ಸರಿ ಇಲ್ಲ, ಅಲ್ವಾ?"

ದನಿ ಸಣ್ಣದಿತ್ತು. ಅಪ್ಪ ಕಾಗದ ಮಡಚುತ್ತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ಹೇಳಲಾರೆ. ಕೌಂಟರಿನ ಹೆಂಗಸಿಗೆ ಕೇಳಿಸಿತು, ಅವರು ಬರೆಯುವುದನ್ನು ನಿಲ್ಲಿಸಿದರು. ನನಗೂ ಕೇಳಿಸಿತು. ಡಾಕ್ಟರು ನನಗೆ ಹೇಳಿದ್ದನ್ನು ನಾನು ಆಗ ಹೇಳಬೇಕಿತ್ತು. ಅಪ್ಪ ಹಾಗೆ ನಕ್ಕದ್ದು ಅಮ್ಮ ತೀರಿದ ಮೇಲೆ ಅದೇ ಮೊದಲು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಬೇರೆ ಕಾರಣವನ್ನು ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ.

ಅಂದೇ ಮಾತ್ರೆ ನಿಂತಿತು. ನಾಲ್ಕನೆಯ ದಿನ ಅಕ್ಕ ಫೋನ್ ಮಾಡಿ, ತಲೆಯೊಳಗೆ ಕರೆಂಟು ಹೊಡೆದ ಹಾಗಾಗುತ್ತದೆ ಎಂದಳು. "ಅಪ್ಪನಿಗೆ ಹೇಳು" ಎಂದೆ. ಮೂರನೆಯ ವಾರಕ್ಕೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಐದನೆಯ ವಾರದ ಗುರುವಾರ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ, ಭದ್ರಾವತಿಯಿಂದ ಅಪ್ಪನ ಫೋನು. ಅಕ್ಕ ಸಾಯಲು ಹೋಗಿದ್ದಳು. ಹೇಗೆ ಎಂಬುದನ್ನು ನಾನು ಬರೆಯುವುದಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಆರನೆಯ ದಿನ ಕಣ್ಣು ಬಿಟ್ಟಳು.

ಮನೋವೈದ್ಯೆ ಅಲ್ಲಿಗೆ ಬಂದಾಗ ಅಪ್ಪ ಕಾರಿಡಾರಿನಲ್ಲಿ ಆ ರಿಪೋರ್ಟನ್ನು ಅವರ ಕೈಗೆ ಕೊಟ್ಟರು.

"ಇದು ರಕ್ತದ್ದು ಸಾರ್. ರಕ್ತದಲ್ಲಿರೋ ಸೆರೊಟೋನಿನ್ ಹೆಚ್ಚಿನದು ಕರುಳಿಂದ ಬರೋದು. ಮೆದುಳಲ್ಲಿ ಏನಾಗ್ತಿದೆ ಅಂತ ಇದು ಹೇಳಲ್ಲ."

"ಮತ್ತೆ ಕೆಮಿಕಲ್ಲು ಅಂದ್ರಲ್ಲ?"

"ಬೇಗ ಅರ್ಥ ಆಗ್ಲಿ ಅಂತ ಹಾಗಂತೀವಿ. ಒಂದೇ ಕೆಮಿಕಲ್ ಕಡಿಮೆ ಆಗಿ ಬರೋ ಕಾಯಿಲೆ ಅಲ್ಲ ಇದು. ಮಾತ್ರೆ ತುಂಬ ಜನಕ್ಕೆ ಕೆಲಸ ಮಾಡುತ್ತೆ. ಹೇಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಅವ್ರು ಊಟ ಮಾಡೋಕೆ ಶುರು ಮಾಡಿದ್ರಲ್ಲ, ನಾನು ನೋಡೋದು ಅದನ್ನ."

"ಇದನ್ನ ನಂಗೆ ಮೊದ್ಲೇ ಹೇಳ್ಬೇಕಿತ್ತು."

"ಹೌದು ಸಾರ್" ಎಂದರು ಅವರು. "ಹೇಳ್ಬೇಕಿತ್ತು."

ಮನೆಗೆ ಬಂದ ಮೇಲೆ ಅಪ್ಪ ದಿನವೂ ಊಟವಾದ ಮೇಲೆ ತಾವೇ ಮಾತ್ರೆ ಕೊಟ್ಟರು. ಲೋಟ ಹಿಡಿದು ನಿಂತು, "ಬಾಯಿ ತೆಗಿ, ನೋಡ್ತೀನಿ" ಎನ್ನುತ್ತಿದ್ದರು. ನಲವತ್ತು ದಾಟಿದ ಮಗಳು ಬಾಯಿ ತೆಗೆದು ನಾಲಿಗೆ ಎತ್ತಿ ತೋರಿಸುತ್ತಿದ್ದಳು. ಅದು ಬಿಟ್ಟರೆ ಅವರಿಬ್ಬರ ನಡುವೆ ಮಾತು ಕಡಿಮೆ. ಹೋದ ವರ್ಷ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಅಕ್ಕ ಶಾಲೆಗೆ ಮತ್ತೆ ಹೋಗಲಿಲ್ಲ. ಮಾತ್ರೆ ನಡೆದಿದೆ. ಕೆಲವು ತಿಂಗಳು ಪರವಾಗಿಲ್ಲ, ಕೆಲವು ತಿಂಗಳು ಕಷ್ಟ.

ಇದನ್ನು ಬರೆದು ಅವಳಿಗೆ ಓದಲು ಕೊಟ್ಟೆ. ಒಂದೇ ತಿದ್ದುಪಡಿ ಹೇಳಿದಳು. "'ನಾನೇ ಸರಿ ಇಲ್ಲ, ಅಲ್ವಾ' ಅಂತ ಕೇಳಿದ್ದು ಅಪ್ಪನ್ನಲ್ಲ ಕಣೋ. ನಿನ್ನ ಮುಖಾನೇ ನೋಡ್ತಿದ್ದೆ."

ಅವತ್ತು ಆ ಲ್ಯಾಬಿನಲ್ಲಿದ್ದ ನಾಲ್ವರಲ್ಲಿ ಈಗ ಉಳಿದಿರುವವರು ಮೂವರು. ಕೌಂಟರಿನಲ್ಲಿದ್ದ ಹೆಂಗಸು, ಅವರು ಈಗ ರವೀಂದ್ರನಗರದ ಇನ್ನೊಂದು ಲ್ಯಾಬಿನಲ್ಲಿದ್ದಾರೆ, ಕೇಳಿದರೆ ನೆನಪಿದೆ ಎನ್ನುತ್ತಾರೆ. ನಾನು. ಮತ್ತೆ ಅಕ್ಕ.